ಹಂಗೇರಿಯ ಫೋನೋಗ್ರಾಮ್ ಪ್ರಶಸ್ತಿಗಳ ಪಟ್ಟಿಯನ್ನು ಓದುವ ಬಗೆ

ಹಂಗೇರಿಯ ಜನಪ್ರಿಯ ಸಂಗೀತವನ್ನು ಹೊಸದಾಗಿ ಕೇಳಹೊರಟವರಿಗೆ ಫೋನೋಗ್ರಾಮ್ ಪ್ರಶಸ್ತಿಗಳ ಪಟ್ಟಿಗಿಂತ ಒಳ್ಳೆಯ ದಾರಿ ಇಲ್ಲವೆಂದೇ ನಾನು ಹೇಳುತ್ತೇನೆ. ಅಲ್ಲಿನ ಧ್ವನಿಮುದ್ರಣ ಕಂಪನಿಗಳ ಒಕ್ಕೂಟವಾದ ಮಹಾಸ್ ಕೊಡುವ ಈ ವಾರ್ಷಿಕ ಪ್ರಶಸ್ತಿ 1992ರಲ್ಲಿ ಆರಂಭವಾಯಿತು. 2003ರವರೆಗೆ ಅದನ್ನು ‘ಚಿನ್ನದ ಜಿರಾಫೆ’ ಎಂದು ಕರೆಯಲಾಗುತ್ತಿತ್ತಾದ್ದರಿಂದ, ತೊಂಬತ್ತರ ದಶಕದ ವಿಜೇತರನ್ನು ಹುಡುಕುವಾಗ ಆ ಹಳೆಯ ಹೆಸರನ್ನೇ ಬಳಸಬೇಕು.

ಪಟ್ಟಿ ಸಿಕ್ಕ ಮೇಲೆ ಮೊದಲು ಇಸವಿಯನ್ನು ಗಮನಿಸಿ. ಒಂದು ವರ್ಷದ ಸಮಾರಂಭದಲ್ಲಿ ಗೌರವ ಪಡೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷ ಬಿಡುಗಡೆಯಾದ ಸಂಗೀತವೇ ಆಗಿರುವುದರಿಂದ, ಆಲ್ಬಮ್ಮನ್ನು ಒಂದು ವರ್ಷ ಹಿಂದಕ್ಕೆ ಹೋಗಿ ಹುಡುಕುವುದು ಸರಿ.

ಅನಂತರ ವಿಭಾಗಗಳನ್ನು ಬೇರ್ಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹಂಗೇರಿಯ ಕಲಾವಿದರ ವಿಭಾಗಗಳ ಜೊತೆಯಲ್ಲೇ ವಿದೇಶೀ ಕಲಾವಿದರ ವಿಭಾಗಗಳೂ ಇರುವುದರಿಂದ, ‘ಹಜಯಿ’, ಅಂದರೆ ಸ್ವದೇಶಿ, ಎಂದು ಗುರುತಿಸಿರುವ ಸಾಲುಗಳನ್ನು ಮಾತ್ರ ಆರಿಸಿಕೊಳ್ಳಿ. ಪಾಪ್, ರಾಕ್, ಜಾಜ್, ಹಿಪ್‌ಹಾಪ್ ಎಂಬ ಹಂಚಿಕೆಯನ್ನು ಕೇವಲ ಔಪಚಾರಿಕವೆಂದು ಬದಿಗಿಡಬೇಡಿ. 1989ರಲ್ಲಿ ಡೆಬ್ರೆಟ್ಸೆನ್ ನಗರದಲ್ಲಿ ಹುಟ್ಟಿದ ಟಾಂಕ್‌ಚಾಪ್ಡಾ ತಂಡದ ಬಿರುಸಾದ ರಾಕ್ ಸಂಗೀತಕ್ಕೂ, 2007ರಲ್ಲಿ ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಗೀತಸ್ಪರ್ಧೆಯಲ್ಲಿ ಒಂದು ಬ್ಲೂಸ್ ಗೀತೆಯನ್ನು ಹಾಡಿ ಒಂಬತ್ತನೆಯ ಸ್ಥಾನ ಪಡೆದ ರೂಜಾ ಮಗ್ದಿಯ ಗಾಯನಕ್ಕೂ ಇರುವ ದೂರ ಬಹಳ ದೊಡ್ಡದು. ಇವೆರಡನ್ನೂ ಒಂದೇ ಕಿವಿಯಿಂದ ಕೇಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ನಿಮಗೆ ಒಗ್ಗುವ ಒಂದು ವಿಭಾಗವನ್ನು ಹಿಡಿದು, ಅದರಲ್ಲಿ ಗೆದ್ದವರನ್ನಷ್ಟೇ ಅಲ್ಲದೆ ನಾಮನಿರ್ದೇಶನಗೊಂಡವರೆಲ್ಲರನ್ನೂ ವರ್ಷದಿಂದ ವರ್ಷಕ್ಕೆ ಕೇಳುತ್ತಾ ಹೋಗಿ. ಒಂದು ಕಾಲದ ಅಭಿರುಚಿ ನಿಜವಾಗಿ ತೆರೆದುಕೊಳ್ಳುವುದು ಗೆಲ್ಲದವರ ಹೆಸರುಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ. ಒಬ್ಬರೇ ಗಾಯಕಿ ಎರಡು ಕಡೆ ಎರಡು ಕ್ರಮದಲ್ಲಿ ಕಾಣಿಸಿಕೊಂಡರೆ ಬೇರೆ ಬೇರೆ ವ್ಯಕ್ತಿಗಳೆಂದು ಭಾವಿಸಬೇಡಿ.

ಕೊನೆಯದಾಗಿ, ಉದ್ಯಮದ ಪ್ರಶಸ್ತಿಯನ್ನೂ ಸರ್ಕಾರದ ಗೌರವವನ್ನೂ ಬೆರೆಸಬಾರದು. 1948ರಲ್ಲಿ ಸ್ಥಾಪನೆಯಾದ ಕೊಶೂತ್ ಪ್ರಶಸ್ತಿಯನ್ನು ಮಾರ್ಚ್ 15ರ ರಾಷ್ಟ್ರೀಯ ದಿನದ ಸಂದರ್ಭದಲ್ಲಿ ನೀಡಲಾಗುತ್ತದೆ. ಅದು ಒಂದು ಆಲ್ಬಮ್ಮಿಗಲ್ಲದೆ ದೀರ್ಘಕಾಲದ ಸಾಧನೆಗೆ ಸಲ್ಲುವಂಥದು. ಗಾಯಕಿ ಕೊಂತ್ಸ್ ಜುಜಾ 2008ರಲ್ಲಿಯೂ, ಒಮೆಗಾ ರಾಕ್ ತಂಡ 2013ರಲ್ಲಿಯೂ ಅದನ್ನು ಪಡೆದಿದ್ದಾರೆ. ಹಳೆಯ ತಲೆಮಾರಿನ ಸಂಗೀತವನ್ನು ಅರಸುವವರು ಫೋನೋಗ್ರಾಮ್ ಪಟ್ಟಿಯ ಜೊತೆಗೆ ಈ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಏಕೆಂದರೆ ಇಂಥವರ ಅತ್ಯುತ್ತಮ ಧ್ವನಿಮುದ್ರಣಗಳಲ್ಲಿ ಬಹುಪಾಲು 1992ಕ್ಕಿಂತ ಮೊದಲೇ ಹೊರಬಂದವು.