ನಾಲ್ಕು ನಗುಮುಖಗಳ ಹಿಂದಿನ ಲೆಕ್ಕ

ಮಲ್ಪೆ ರಸ್ತೆಯಲ್ಲಿ ನನ್ನದೊಂದು ಮೀನೂಟದ ಹೋಟೆಲ್ ಇದೆ. ಗಲ್ಲಾದ ಹಿಂದೆ ತೂಗುಹಾಕಿರುವ ನೈರ್ಮಲ್ಯ ರೇಟಿಂಗ್ ಪ್ರಮಾಣಪತ್ರದಲ್ಲಿ ನಾಲ್ಕು ನಗುಮುಖಗಳಿವೆ. ಗಿರಾಕಿಗಳು ಅದನ್ನು ನೋಡಿ, "ಇದು ರುಚಿಗೆ ಕೊಟ್ಟದ್ದಾ?" ಎಂದು ಕೇಳುವುದುಂಟು. ತಪಾಸಣೆಗೆ ಬಂದವರು ನಮ್ಮಲ್ಲಿ ಒಂದು ತುತ್ತನ್ನೂ ತಿನ್ನಲಿಲ್ಲ. ಕಾಣೆ ರವಾ ಫ್ರೈಯ ಪರಿಮಳ ಮೂಗಿಗೆ ಬಡಿಯುತ್ತಿದ್ದರೂ ಅವರ ಗಮನವೆಲ್ಲ ಫ್ರಿಜ್ಜಿನೊಳಗಿನ ತಾಪಮಾನದ ಮೇಲಿತ್ತು.

ಮೊದಲು ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಊರಿನ ಹೋಟೆಲಿನವರಲ್ಲೇ ಈ ಗೊಂದಲವಿದೆ. ಬಾಗಿಲು ತೆರೆಯುವುದಕ್ಕೆ ಬೇಕಾದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿಯ ನೋಂದಣಿ ಅಥವಾ ಪರವಾನಗಿ. ನಾನು ಅರ್ಜಿ ಹಾಕಿದಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದರೆ ನೋಂದಣಿ, ಅದನ್ನು ಮೀರಿದರೆ ಪರವಾನಗಿ ಎಂಬ ನಿಯಮವಿತ್ತು. ಬಿಲ್ಲಿನ ಮೇಲೆ ಕಾಣುವ 14 ಅಂಕಿಗಳ ಸಂಖ್ಯೆ ಅದರದ್ದೇ. ರೇಟಿಂಗ್ ಇದಾದ ಮೇಲಿನ ಮಾತು. ನಾವಾಗಿಯೇ ಅರ್ಜಿ ಹಾಕಬೇಕು, ನಮ್ಮ ಅಡುಗೆಮನೆಗೆ ನಾವೇ ಅಂಕ ಕೊಟ್ಟುಕೊಂಡು ಸ್ವಯಂ ಮೌಲ್ಯಮಾಪನ ತುಂಬಬೇಕು. ಆಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಾನ್ಯತೆ ಪಡೆದ ಸಂಸ್ಥೆಯೊಂದರ ಆಡಿಟರ್ ಬಂದು ನೋಡಿ, ಒಂದರಿಂದ ಐದರವರೆಗೆ ನಗುಮುಖಗಳನ್ನು ಕೊಡುತ್ತಾರೆ. ಹೋಟೆಲ್ ಮಾತ್ರವಲ್ಲ, ಬೇಕರಿ, ಸಿಹಿತಿಂಡಿ ಅಂಗಡಿ, ಮಾಂಸದಂಗಡಿಗಳಿಗೂ ಈ ರೇಟಿಂಗ್ ಇದೆ.

ತಯಾರಿಗೆ ನಾನು ಹಿಡಿದುಕೊಂಡದ್ದು ಪರವಾನಗಿ ನಿಯಮಾವಳಿಯಲ್ಲಿ ನೈರ್ಮಲ್ಯದ ನಿಯಮಗಳಿರುವ ಅನುಸೂಚಿ 4ರ ಮೇಲೆ ಮಾಡಿದ ತಪಾಸಣಾ ಪಟ್ಟಿಯನ್ನು. ಊಟೋಪಹಾರದ ವ್ಯವಹಾರಕ್ಕೆ ಅದರಲ್ಲಿ ಒಟ್ಟು 114 ಅಂಕ. 100 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎ ಪ್ಲಸ್, 91ರಿಂದ 99ರವರೆಗೆ ಎ, 84ರಿಂದ 90ರವರೆಗೆ ಬಿ, ಅದಕ್ಕಿಂತ ಕೆಳಗೆ ದರ್ಜೆಯೇ ಇಲ್ಲ. ಸಾಮಾನ್ಯ ಪ್ರಶ್ನೆಗೆ ಎರಡು ಅಂಕ, ನಕ್ಷತ್ರ ಗುರುತಿನ ಪ್ರಶ್ನೆಗೆ ನಾಲ್ಕು. ನಕ್ಷತ್ರದ ಒಂದು ಪ್ರಶ್ನೆಯಲ್ಲಿ ಸೋತರೂ ಉಳಿದ ಅಂಕಗಳು ಕೈಹಿಡಿಯುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದದೆ, ನಕ್ಷತ್ರಗಳನ್ನು ಹುಡುಕಿಕೊಂಡು ಓದಿದೆ. ನೀರು, ಬೇಯಿಸುವ ಬಿಸಿ, ತಣಿಸುವ ವೇಗ, ಹಸಿ ಮತ್ತು ಬೆಂದ ಪದಾರ್ಥಗಳ ನಡುವಿನ ಅಂತರ: ನನ್ನ ಗಮನ ನಿಂತದ್ದು ಇವುಗಳ ಮೇಲೆ. ಮುಂಭಾಗಕ್ಕೆ ಹೊಸ ಟೈಲ್ಸ್ ಹಾಕಿಸುವ ಆಲೋಚನೆಯನ್ನು ಅಲ್ಲಿಯೇ ಕೈಬಿಟ್ಟೆ.

ನೀರಿನಿಂದ ಶುರು ಮಾಡಿದೆ. ನಮ್ಮದು ಮುರಕಲ್ಲಿನ ಬಾವಿ. ಮಾರ್ಚಿನಲ್ಲಿ ಕನ್ನಡಿಯಂತಿರುವ ನೀರು ಜೂನ್ ಮಳೆಗೆ ಕದಡುತ್ತದೆ. ಸುತ್ತಲಿನ ಇಂಗುಗುಂಡಿಗಳ ನೀರು ಮುರಕಲ್ಲಿನ ಸಂದುಗಳಲ್ಲಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಹೇಳಲಾಗದು. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಸಿಗಲೇಬಾರದು. ಆಡಿಟರ್‌ಗೆ ಪ್ರಯೋಗಾಲಯದ ವರದಿ ಬೇಕು, "ನಮ್ಮ ಅಜ್ಜನ ಕಾಲದ ಬಾವಿ" ಎಂಬ ಹೆಮ್ಮೆ ನಡೆಯುವುದಿಲ್ಲ. ಬಾವಿಕಟ್ಟೆ ಎತ್ತರಿಸಿ, ಬಲೆ ಹಾಸಿ, ಟ್ಯಾಂಕಿಗೆ ಕ್ಲೋರಿನ್, ಅಡುಗೆಗೆ ಹೋಗುವ ನಲ್ಲಿಗೆ ಯುವಿ ಶುದ್ಧೀಕರಣ ಯಂತ್ರ ಹಾಕಿಸಿದೆ. ವರದಿಗೆ ಮಾದರಿ ಕೊಡುವುದು ಬೇಸಿಗೆಯಲ್ಲಿ ಸುಲಭ. ನಾನು ಮಳೆಗಾಲದ ನೀರನ್ನೂ ಕೊಟ್ಟೆ.

ಮೀನಿನ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು. ಬಂಗುಡೆ, ಬೂತಾಯಿಯಂಥ ಮೀನುಗಳು ಬೆಚ್ಚಗಿನ ಜಾಗದಲ್ಲಿ ಹೊತ್ತು ಕಳೆದರೆ ಬ್ಯಾಕ್ಟೀರಿಯಾಗಳು ಅವುಗಳಲ್ಲಿ ಹಿಸ್ಟಮೈನ್ ಎಂಬ ರಾಸಾಯನಿಕವನ್ನು ಉಂಟುಮಾಡುತ್ತವೆ. ತಿಂದವರ ಮುಖ ಕೆಂಪಾಗುತ್ತದೆ, ತುರಿಕೆ, ತಲೆನೋವು ಬರುತ್ತದೆ. ಊರಿನಲ್ಲಿ ಇದನ್ನು ಮೀನಿನ ನಂಜು ಎಂದು ಬಿಟ್ಟುಬಿಡುತ್ತಾರೆ. ತೊಂದರೆಯೇನೆಂದರೆ ಈ ರಾಸಾಯನಿಕ ಒಮ್ಮೆ ಹುಟ್ಟಿತೆಂದರೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಪುಳಿಮುಂಚಿಯ ಖಾರ, ಹುಳಿ ಅದನ್ನು ಮುಚ್ಚಿಡಬಹುದಷ್ಟೆ. ಹಾಗಾಗಿ ಬಂದರಿನಿಂದ ಹೋಟೆಲಿಗೆ ಬರುವ ದಾರಿಯೂ ಅಡುಗೆಮನೆಯ ಭಾಗವೇ. ಸ್ಕೂಟರಿನ ಮುಂದೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೀನು ತರುವುದನ್ನು ನಿಲ್ಲಿಸಿ, ಐಸ್ ತುಂಬಿದ ಪೆಟ್ಟಿಗೆಯಲ್ಲಿ ತರಿಸತೊಡಗಿದೆ. ಐಸ್ ಕೂಡ ಕುಡಿಯುವ ನೀರಿನದ್ದಾಗಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಹೊರಗಿನಿಂದ ಲಾರಿಯಲ್ಲಿ ಬರುವ ಮೀನನ್ನು ನಾನು ಮುಟ್ಟಿ, ಕಿವಿರು ಎತ್ತಿ, ಥರ್ಮಾಮೀಟರ್ ಚುಚ್ಚಿ ನೋಡಿಯೇ ಇಳಿಸಿಕೊಳ್ಳುತ್ತೇನೆ. ಅನುಮಾನ ಬಂದ ದಿನ ಬಂಗುಡೆ ಇಲ್ಲವೆಂದು ಬೋರ್ಡಿನಲ್ಲಿ ಬರೆದುಬಿಡುತ್ತೇನೆ. ಗಿರಾಕಿ ಗೊಣಗುತ್ತಾನೆ, ಗೊಣಗಲಿ.

ಥರ್ಮಾಮೀಟರ್ ಅಡುಗೆಮನೆಗೆ ಬಂದ ದಿನ ಪದಾರ್ಥ ಮಾಡುವ ಅಕ್ಕ ನನ್ನನ್ನು ನೋಡಿದ ನೋಟ ಒಳ್ಳೆಯದಿರಲಿಲ್ಲ. "ಗಸಿ ಬೆಂದಿದೆಯೋ ಇಲ್ಲವೋ ಎಂದು ಹೇಳಲು ಈ ಕಡ್ಡಿ ಬೇಕಾ ಅಣ್ಣಾ?" ಎಂದು ಕೇಳಿದರು. ಗಸಿಯೆಂದರೆ ನಮ್ಮ ಕಡೆಯ ತೆಂಗಿನಕಾಯಿ ಮಸಾಲೆಯ ಗಟ್ಟಿ ಸಾರು. ಬೆಂದದ್ದನ್ನು ಹೇಳಲು ಅವರಿಗೆ ಕಡ್ಡಿ ಬೇಡ, ನಿಜ. ಕೋಳಿ, ಮೀನಿನ ಒಳಭಾಗ 75 ಡಿಗ್ರಿ ಮುಟ್ಟಬೇಕೆಂಬ ನಿಯಮವನ್ನು ಅವರ ಕೈ ಹಿಂದೆಯೇ ಪಾಲಿಸುತ್ತಿತ್ತು. ಕಡ್ಡಿ ಬೇಕಾದದ್ದು ಬೆಂದ ಮೇಲಿನ ಹೊತ್ತಿಗೆ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ರೋಗಾಣುಗಳು ಬೆಳೆಯುತ್ತವೆ. ನಮ್ಮ ಕರಾವಳಿಯ ಗಾಳಿ ವರ್ಷವಿಡೀ ಅದರ ನಡುವೆಯೇ ಇರುತ್ತದೆ. ಬಿಸಿಯಾಗಿ ಬಡಿಸಲು ಇಟ್ಟ ಸಸ್ಯಾಹಾರ 65, ಮಾಂಸಾಹಾರ 70 ಡಿಗ್ರಿಯಲ್ಲಿರಬೇಕು. ಉಳಿಸಿ ಫ್ರಿಜ್ಜಿಗೆ ಇಡುವುದಾದರೆ ಎರಡು ಗಂಟೆಯೊಳಗೆ 60ರಿಂದ 21ಕ್ಕೆ, ಮತ್ತೆರಡು ಗಂಟೆಯೊಳಗೆ 5ಕ್ಕೆ ಇಳಿಯಬೇಕು. ದೊಡ್ಡ ಕೊಪ್ಪರಿಗೆಯ ಗಸಿಯನ್ನು ಹಾಗೆಯೇ ಮುಚ್ಚಿಟ್ಟು ಎರಡು ಗಂಟೆಯ ನಂತರ ಕಡ್ಡಿ ಚುಚ್ಚಿ ಅಕ್ಕನಿಗೇ ತೋರಿಸಿದೆ: ಮೇಲೆ ಕೆನೆ ಕಟ್ಟಿತ್ತು, ನಡುವೆ ಇನ್ನೂ ಬಿಸಿ ಉಳಿದಿತ್ತು. ಅವರು ಏನೂ ಹೇಳಲಿಲ್ಲ. ಮರುದಿನ ಅಗಲ ತಟ್ಟೆಗಳನ್ನು ಅವರೇ ಕೇಳಿದರು. ಈಗ ಉಳಿದ ಗಸಿಯನ್ನು ತಟ್ಟೆಗಳಿಗೆ ಸುರಿದು, ಐಸ್ ನೀರಿನ ಮೇಲಿಟ್ಟು ತಣಿಸುತ್ತೇವೆ. ಕುಚ್ಚಲಕ್ಕಿ ಅನ್ನಕ್ಕೂ ಇದೇ ಕ್ರಮ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ, ಬೆಚ್ಚಗಿನ ಅನ್ನದಲ್ಲಿ ಮತ್ತೆ ಚಿಗುರುತ್ತವೆ. ತೆಂಗಿನಕಾಯಿ ಚಟ್ನಿಯನ್ನು ಮಾತ್ರ ಉಳಿಸುವ ಗೋಜಿಗೇ ಹೋಗುವುದಿಲ್ಲ. ಕಡಿಮೆ ರುಬ್ಬುತ್ತೇವೆ, ಮುಗಿದರೆ ಮತ್ತೆ ರುಬ್ಬುತ್ತೇವೆ.

ಇನ್ನು ಬೈರಾಸು, ಅಂದರೆ ಟವೆಲು. ನಮ್ಮ ಕಡೆಯ ಯಾವ ಅಡುಗೆಮನೆಗೆ ಹೋದರೂ ಹೆಗಲ ಮೇಲೊಂದು ಬೈರಾಸು ಇರುತ್ತದೆ. ಅದರಲ್ಲೇ ಬೆವರು, ಅದರಲ್ಲೇ ಕೈ, ಅದರಲ್ಲೇ ತಟ್ಟೆ, ಬಿಸಿ ಬಾಣಲೆ ಇಳಿಸುವುದಕ್ಕೂ ಅದೇ. ನನ್ನ ಮಟ್ಟಿಗೆ ಕರಾವಳಿಯ ಹೋಟೆಲುಗಳಲ್ಲಿ ಜಿರಳೆಗಿಂತ ಅಪಾಯದ ವಸ್ತು ಇದು. ಅದನ್ನು ಹೆಗಲಿನಿಂದ ಇಳಿಸುವುದು ಗೋಡೆ ಒಡೆಯುವುದಕ್ಕಿಂತ ಕಷ್ಟವಾಯಿತು. ಕೈ ತೊಳೆಯಲು ಪ್ರತ್ಯೇಕ ಬೇಸಿನ್, ಸಾಬೂನು, ಒರೆಸಲು ಕಾಗದ ಇಟ್ಟೆ. ಮೀನು ತೊಳೆಯುವ ನಲ್ಲಿಯನ್ನು ಬೇರೆ ಮಾಡಿಸಿದೆ. ಬೈರಾಸು ಬೆವರಿಗೆ ಮಾತ್ರ, ಅದೂ ಹೊರಗಿನ ಮೊಳೆಯ ಮೇಲೆ ಎಂಬ ಒಪ್ಪಂದಕ್ಕೆ ಬಂದೆವು. ಉಂಗುರ, ಬಳೆಗಳನ್ನು ತೆಗೆದಿಡಿ ಎಂದಾಗ ಬಂದ ವಿರೋಧ ಇದರ ಮುಂದೆ ಏನೂ ಅಲ್ಲ.

ಉಳಿದವು ಬೇಗ ಮುಗಿದವು. ಹಸಿ ಮೀನಿಗೆ ಒಂದು ಹಲಗೆ, ತರಕಾರಿಗೆ ಇನ್ನೊಂದು. ಫ್ರಿಜ್ಜಿನಲ್ಲಿ ಹಸಿಯದ್ದು ಕೆಳಗೆ, ಬೆಂದದ್ದು ಮೇಲೆ. ಡಬ್ಬಗಳ ಮೇಲೆ ತಾರೀಕು. ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪ್ರಮಾಣಪತ್ರ, ಟೈಫಾಯ್ಡ್ ಲಸಿಕೆ. 25 ಮಂದಿ ಕೆಲಸಗಾರರಿಗೆ ಒಬ್ಬರಾದರೂ ಫೋಸ್ಟ್ಯಾಕ್ ಎಂಬ ಎಫ್‌ಎಸ್‌ಎಸ್‌ಎಐನ ಆಹಾರ ಸುರಕ್ಷತಾ ತರಬೇತಿ ಪಡೆದ ಮೇಲ್ವಿಚಾರಕರಿರಬೇಕು. ನಮ್ಮಲ್ಲಿ ಅಷ್ಟು ಜನರಿಲ್ಲ, ನಾನೇ ತರಬೇತಿ ಮುಗಿಸಿಕೊಂಡೆ. ಸಂಜೆಯ ಗೋಳಿಬಜೆಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟುವುದು ನಿಷಿದ್ಧ, ಬಾಳೆಲೆಗೆ ಬಂದೆವು. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಡುವಾಗ ಹುಟ್ಟುವ ವಸ್ತುಗಳು, ಶೇಕಡಾ 25 ಮೀರಬಾರದೆಂದು 2018ರ ಜುಲೈಯಿಂದ ನಿಯಮವಿದೆ. ಮೀನು ಕರಿದ ಎಣ್ಣೆ ಆ ಗಡಿಯನ್ನು ಬೇಗ ಮುಟ್ಟುತ್ತದೆ. ಅದನ್ನೀಗ ಬಯೋಡೀಸೆಲ್‌ಗಾಗಿ ಸಂಗ್ರಹಿಸುವವರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳುತ್ತೇನೆ.

ಆಡಿಟರ್ ಬಂದದ್ದು ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ. ನನಗದು ಇಷ್ಟವಾಯಿತು, ಖಾಲಿ ಅಡುಗೆಮನೆ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಅವರು ನನ್ನನ್ನು ಹೆಚ್ಚು ಮಾತನಾಡಿಸಲಿಲ್ಲ. ತಟ್ಟೆ ತೊಳೆಯುವ ಹುಡುಗನನ್ನು ನಿಲ್ಲಿಸಿ, "ಕೈಗೆ ಗಾಯವಾದರೆ ಏನು ಮಾಡುತ್ತೀಯಪ್ಪ?" ಎಂದು ಕೇಳಿದರು. ಥರ್ಮಾಮೀಟರನ್ನು ಪುಡಿ ಮಾಡಿದ ಐಸಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿದರು. ಆಮೇಲೆ ತಾಪಮಾನದ ಪುಸ್ತಕ ತೆಗೆದು ಹಿಂದಿನ ಪುಟಗಳನ್ನು ತಿರುವಿದರು. ಎಲ್ಲ ಪುಟಗಳೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಅಂಕಿಯಲ್ಲಿದ್ದರೆ ಅವರಿಗೆ ಅನುಮಾನ ಬರುತ್ತದಂತೆ. ನಮ್ಮದರಲ್ಲಿ ಗಸಿಯ ಕಲೆಗಳೂ ಇದ್ದವು, ವಿದ್ಯುತ್ ಹೋಗಿ ಫ್ರಿಜ್ 9 ಡಿಗ್ರಿಗೆ ಏರಿದ ದಿನದ ದಾಖಲೆಯೂ, ಅಂದು ಏನನ್ನು ಎಸೆದೆವು ಎಂಬುದೂ ಇತ್ತು.

ಐದನೆಯ ನಗುಮುಖ ತಪ್ಪಿದ್ದು ಕಟ್ಟಡದಿಂದ. ಮೀನು ಒಳಗೆ ಬರುವುದೂ ಕಸ ಹೊರಗೆ ಹೋಗುವುದೂ ಒಂದೇ ಬಾಗಿಲಿನಿಂದ. ಬಾಡಿಗೆ ಕಟ್ಟಡದ ಗೋಡೆಯನ್ನು ನಾನು ಒಡೆಯುವಂತಿಲ್ಲ. ಈಗ ಎರಡಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿದ್ದೇನೆ. ಅದಕ್ಕೆ ಅಂಕ ಸಿಗುವುದೋ ಇಲ್ಲವೋ ಮುಂದಿನ ಸಲ ನೋಡಬೇಕು.

ರೇಟಿಂಗಿನಿಂದ ವ್ಯಾಪಾರ ಏರಿತೇ ಎಂದು ಕೇಳುವ ಹೋಟೆಲಿನವರಿಗೆ ನಾನು ಇಲ್ಲವೆಂದೇ ಹೇಳುತ್ತೇನೆ. ಊರಿನವರು ಬರುವುದು ಗಸಿಗೆ, ಪ್ರಮಾಣಪತ್ರಕ್ಕಲ್ಲ. ಮಣಿಪಾಲದ ವಿದ್ಯಾರ್ಥಿಗಳ ತಂದೆತಾಯಿಯರು ಮಾತ್ರ ಹತ್ತಿರ ಹೋಗಿ ಅದರ ತಾರೀಕು ಓದುತ್ತಾರೆ. ಅವರು ಓದುವ ಕ್ರಮವೇ ಸರಿ. ಅದು ಒಂದು ದಿನದ ಅಡುಗೆಮನೆಯ ಚಿತ್ರ, ಅವಧಿ ಮುಗಿದರೆ ಬರೀ ಕಾಗದ. ನಮ್ಮದನ್ನು ನೋಡಿ ಹೋದದ್ದು ಫೆಬ್ರವರಿಯಲ್ಲಿ, ಬಾವಿ ತಿಳಿಯಾಗಿದ್ದಾಗ, ಗೋಡೆಗಳು ಒಣಗಿದ್ದಾಗ, ನೊಣಗಳಿಲ್ಲದಾಗ. ಮುಂದಿನ ತಪಾಸಣೆಗೆ ಜುಲೈಯಲ್ಲಿ ಬನ್ನಿ ಎಂದು ಕೇಳುವವನಿದ್ದೇನೆ. ಅಕ್ಕ ಇದಕ್ಕಿನ್ನೂ ಒಪ್ಪಿಲ್ಲ.