ಮಾದರಿ ವಿಮಾನದ ಎಂಜಿನ್ ಹಟ ಹಿಡಿದರೆ ಸೂಜಿ ತಿರುಗಿಸುವುದು ಕೊನೆಗೆ

ಭತ್ತದ ಕೊಯ್ಲು ಮುಗಿದು ಗದ್ದೆ ಬಯಲಾಯಿತೆಂದರೆ ನಮ್ಮ ಕಡೆ ಮಾದರಿ ವಿಮಾನಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಜೂನ್‌ನಿಂದ ಅಲ್ಲಿಯವರೆಗೆ ಬರೀ ಮಳೆ, ಮಂಜು, ಒದ್ದೆ ಗಾಳಿ. ಅಷ್ಟು ತಿಂಗಳು ಮಲಗಿದ್ದ 20 ಅಥವಾ 30 ಸಿಸಿ ಪೆಟ್ರೋಲ್ ಎಂಜಿನ್ ಮೊದಲ ದಿನವೇ ನೆಟ್ಟಗೆ ಓಡುವುದು ಅಪರೂಪ. ಸ್ಟಾರ್ಟ್ ಆಗಿ ಎರಡೇ ಕ್ಷಣಕ್ಕೆ ನಿಲ್ಲುತ್ತದೆ, ರೇಸ್ ಕೊಟ್ಟರೆ ಉಸಿರುಗಟ್ಟುತ್ತದೆ, ಇಲ್ಲವೇ ನೆಲದ ಮೇಲೆ ಚೆನ್ನಾಗಿ ಓಡಿ, ಮೂತಿ ಮೇಲೆತ್ತಿದೊಡನೆ ಸೋಲುತ್ತದೆ. ಆಗ ಎಲ್ಲರ ಕೈಯೂ ಹೋಗುವುದು ಪೆಟ್ರೋಲ್ ಎಷ್ಟು ಹರಿಯಬೇಕೆಂದು ಹೊಂದಿಸುವ ಕಾರ್ಬೊರೇಟರಿನ ಸೂಜಿಗಳಿಗೆ. ಹೋದ ವರ್ಷ ಚೆನ್ನಾಗಿ ಓಡಿದ ಎಂಜಿನ್ನಿನ ಸೂಜಿ ಅಟ್ಟದಲ್ಲಿ ತಾನಾಗಿ ತಿರುಗಿರುವುದಿಲ್ಲ. ಕೆಟ್ಟಿರುವುದು ಬೇರೇನೋ. ಅದನ್ನು ಮೊದಲು ಹುಡುಕಬೇಕು.

ಅಡಿಕೆ ತೋಟದ ಕಳೆ ಹೊಡೆಯುವ ಮೆಷಿನ್ ಬಿಚ್ಚಿ ಗೊತ್ತಿದ್ದವರಿಗೆ ಈ ಕೆಲಸ ಹೊಸದಲ್ಲ. ಹವ್ಯಾಸಿಗಳ ಇಂಥ ಪೆಟ್ರೋಲ್ ಎಂಜಿನ್‌ಗಳಲ್ಲಿ ಹಲವು ಮರ ಕೊಯ್ಯುವ ಗರಗಸ ಮತ್ತು ವೀಡ್ ಕಟರ್‌ಗಳ ಎಂಜಿನ್‌ಗಳನ್ನೇ ಮಾರ್ಪಡಿಸಿ ಮಾಡಿದಂಥವು. ಇಂದಿಗೂ ಕಾರ್ಬೊರೇಟರ್ ಅದೇ ವಾಲ್ಬ್ರೊ ಬಗೆಯದು. ಹಾಗಾಗಿ ಸಾಗರ, ತೀರ್ಥಹಳ್ಳಿಯ ವೀಡ್ ಕಟರ್ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿದರೆ ಡಯಾಫ್ರಮ್ (ಕಾರ್ಬೊರೇಟರಿನ ಪೊರೆ) ಕಿಟ್ ಸಿಗುವ ಸಾಧ್ಯತೆ ಚೆನ್ನಾಗಿದೆ. ಕಾರ್ಬೊರೇಟರಿನ ಮೇಲೆ ಕೊರೆದ ಸಂಖ್ಯೆ ಬರೆದುಕೊಂಡು ಹೋಗಿ.

ಒಂದು ಮಾತು ಮೊದಲೇ ಹೇಳಬೇಕು. 18 ಇಂಚಿನ ಪ್ರೊಪೆಲ್ಲರ್ ಬೆರಳನ್ನು ಬಿಡುವುದಿಲ್ಲ. ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ, ಜೊತೆಗೊಬ್ಬರು ಹಿಡಿದಿರಲಿ. ಓಡುತ್ತಿರುವ ಎಂಜಿನ್ನಿನ ಕೆಲಸವೆಲ್ಲ ಹಿಂದಿನಿಂದಲೇ ಆಗಬೇಕು. ನಿಂತ ಪ್ರೊಪೆಲ್ಲರ್ ಮುಟ್ಟುವ ಮೊದಲು ಇಗ್ನಿಷನ್ ಸ್ವಿಚ್ ಆಫ್ ಆಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಪೆಟ್ರೋಲ್

ಹಳೆಯ ಪೆಟ್ರೋಲನ್ನು ಚೆಲ್ಲುವ ಮುನ್ನ ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿಯಿರಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆ, ಹೊಸನಗರದ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಕ್ಯಾನ್ ಎಷ್ಟು ತೇವ ಕುಡಿದಿರಬಹುದು, ಯೋಚಿಸಿ. ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತದೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ನಾವು ಬೆರೆಸಿದ ಆಯಿಲ್ ಉಳಿಯುವುದು ಮೇಲಿನ ಪದರದಲ್ಲಿ. ಟ್ಯಾಂಕಿನ ಪೈಪಿನ ತುದಿಯ ಗುಂಡು ಬಿದ್ದಿರುವುದು ತಳದಲ್ಲಿ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಎಣ್ಣೆಯಿಲ್ಲದ ನೀರು ಬೆರೆತ ಎಥನಾಲ್. ಕೆಟ್ಟದಾಗಿ ಓಡುವುದಿರಲಿ, ಪಿಸ್ಟನ್ನೇ ಹಿಡಿದುಕೊಳ್ಳಬಹುದು. ಬಾಟಲಿಯಲ್ಲಿ ಎರಡು ಪದರ ಕಂಡರೆ ಆ ಪೆಟ್ರೋಲಿನ ಆಸೆ ಬಿಟ್ಟುಬಿಡಿ.

ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಅಳತೆಯ ಗಾಜಿನ ನಳಿಕೆಗೆ 10 ಮಿ.ಲೀ. ನೀರು, 50 ಮಿ.ಲೀ. ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ, ಚೆನ್ನಾಗಿ ಕುಲುಕಿ ಬಿಡಿ. ತಳದ ಪದರ 20 ಮಿ.ಲೀ.ಗೆ ಏರಿದರೆ ಎಥನಾಲ್ ಸುಮಾರು ಶೇ 20 ಇದೆ ಎಂದರ್ಥ.

ಹೊಸ ಮಿಶ್ರಣಕ್ಕೆ ಎಂಜಿನ್ ಕೈಪಿಡಿ ಹೇಳಿದ ಪ್ರಮಾಣವೇ ಸರಿ. 30ಕ್ಕೆ 1 ಎಂದಿದ್ದರೆ ಲೀಟರಿಗೆ 33 ಮಿ.ಲೀ. ಟೂಟಿ ಆಯಿಲ್, 40ಕ್ಕೆ 1 ಎಂದಿದ್ದರೆ 25 ಮಿ.ಲೀ. ಕಣ್ಣಂದಾಜು ಬೇಡ, ಸಿರಿಂಜ್ ಬಳಸಿ.

ಟ್ಯಾಂಕ್ ಮತ್ತು ಪೈಪು

ಇಲ್ಲಿ ನೋಡಬೇಕಾದ್ದು ಸ್ವಲ್ಪವೇ, ಆದರೆ ತಪ್ಪಿಸಬೇಡಿ. ಒಮ್ಮೆ ಎರಡು ಭಾನುವಾರ ಕಳೆದ ಮೇಲೆ ನನ್ನ ವಿಮಾನದ ತೊಂದರೆ ಸಿಕ್ಕಿದ್ದು ಟ್ಯಾಂಕಿನೊಳಗಿನ ಪೈಪಿನಲ್ಲಿ. ಗುಂಡಿನ ಹತ್ತಿರ ಕೂದಲೆಳೆಯಂಥ ಸೀಳು. ಪೈಪು ಗಟ್ಟಿಯಾಗಿದ್ದರೆ, ಅಂಟಂಟಾಗಿದ್ದರೆ ಬದಲಿಸಿ. ಮೆಥನಾಲ್‌ನಲ್ಲಿ ಓಡುವ ಗ್ಲೋ ಎಂಜಿನ್ನಿನ ಸಿಲಿಕೋನ್ ಪೈಪು ಪೆಟ್ರೋಲಿಗೆ ಊದಿಕೊಳ್ಳುತ್ತದೆ, ಅದನ್ನು ಹಾಕಬೇಡಿ. ವಿಮಾನ ಮೂತಿ ಕುಕ್ಕಿ ಇಳಿದಿದ್ದರೆ ಗುಂಡು ಮುಂದಕ್ಕೆ ಮಡಚಿ ಸಿಕ್ಕಿಕೊಂಡಿರಬಹುದು. ಟ್ಯಾಂಕ್ ಅಲುಗಿಸಿದಾಗ ಅದು ಓಡಾಡುವ ಸದ್ದು ಕೇಳಬೇಕು. ಗಾಳಿಯಾಡುವ ಪೈಪನ್ನು ಊದಿ ನೋಡಿ. ಮಲೆನಾಡಿನಲ್ಲಿ ತೆರೆದ ತೂತು ಕಂಡರೆ ಕುಂಬಾರ ಹುಳ ಮಣ್ಣು ಮೆತ್ತದೆ ಬಿಡುವುದಿಲ್ಲ. ಸೈಲೆನ್ಸರನ್ನೂ ಇಣುಕಿ ನೋಡಿ.

ಎಂಜಿನ್ ಓಡುವಾಗ ಪೈಪಿನಲ್ಲಿ ಗುಳ್ಳೆ ಸಾಲುಸಾಲಾಗಿ ಬಂದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಪ್ರೊಪೆಲ್ಲರ್ ಸಮತೂಕವಿಲ್ಲದೆ ನಡುಗಿದರೂ ಪೆಟ್ರೋಲ್ ನೊರೆ ಬರುತ್ತದೆ.

ಕಾರ್ಬೊರೇಟರ್

ಬಹುಪಾಲು ತೊಂದರೆ ಇರುವುದು ಇಲ್ಲೇ. ಈ ಕಾರ್ಬೊರೇಟರಿಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಇಲ್ಲ. ವಿಮಾನ ತಲೆಕೆಳಗಾದರೂ ಪೆಟ್ರೋಲ್ ಬರಬೇಕಲ್ಲ, ಅದಕ್ಕೆ ಎರಡು ಪೊರೆಗಳಿವೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದಂತೆಲ್ಲ ಒಂದು ಪೊರೆ ಪಂಪಿನಂತೆ ಬಡಿದು ಪೆಟ್ರೋಲನ್ನು ಎಳೆಯುತ್ತದೆ. ಇನ್ನೊಂದು, ಬೇಕಾದಷ್ಟನ್ನೇ ಅಳೆದು ಒಳಗೆ ಬಿಡುತ್ತದೆ. ಬಳಸದೆ ಇಟ್ಟಾಗ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ, ಪೊರೆ ಬಿರುಸಾಗುತ್ತದೆ.

ಬಿಚ್ಚುವ ಮೊದಲು ಎರಡು ಸೂಜಿಗಳೂ ಎಷ್ಟು ಸುತ್ತು ತೆರೆದಿವೆ ಎಂದು ಮೆಲ್ಲಗೆ ಮುಚ್ಚಿ ಎಣಿಸಿ, ಬರೆದಿಡಿ. ಒಂದೊಂದು ಮುಚ್ಚಳ ತೆಗೆದಾಗಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗ್ಯಾಸ್ಕೆಟ್ ಮೊದಲೋ ಪೊರೆ ಮೊದಲೋ ಎಂಬ ಕ್ರಮ ಎರಡೂ ಬದಿಗೆ ಒಂದೇ ಅಲ್ಲ. ಪಂಪಿನ ಬದಿಯಲ್ಲಿ ಬೆರಳುಗುರಿಗಿಂತ ಸಣ್ಣ ಜಾಲರಿ ಇದೆ, ಕಸ ಅಲ್ಲಿ ಕೂರುತ್ತದೆ. ಪೊರೆ ಬೆರಳಿಗೆ ಮೆತ್ತಗೆ ಬಾಗದೆ ಕಾಗದದಂತೆ ಚರಚರ ಅಂದರೆ ಹೊಸ ಕಿಟ್ ಹಾಕಿ. ಕಾರ್ಬೊರೇಟರ್ ಕ್ಲೀನರ್ ಹೊಡೆಯುವಾಗ ರಬ್ಬರ್ ಭಾಗ ಒಂದೂ ಅದರಲ್ಲಿ ಇರಬಾರದು. ತೂತುಗಳಿಗೆ ತಂತಿ ಹಾಕಿ ಕೆದಕಬೇಡಿ, ಒಮ್ಮೆ ದೊಡ್ಡದಾದ ತೂತು ಮತ್ತೆ ಸಣ್ಣದಾಗದು.

ಅಳತೆಯ ಪೊರೆಯ ಮುಚ್ಚಳದ ನಡುವೆ ಒಂದು ಚಿಕ್ಕ ತೂತಿದೆ. ನೆಲದ ಮೇಲೆ ಸರಿಯಿದ್ದ ಎಂಜಿನ್ ಹಾರುವಾಗ ಮಾತ್ರ ಕೆಟ್ಟರೆ ನನ್ನ ಅನುಮಾನ ಮೊದಲು ಇದರ ಮೇಲೆ. ಮೂತಿಯ ಕವಚದೊಳಗೆ ನುಗ್ಗುವ ಗಾಳಿ ಆ ಪೊರೆಯನ್ನು ಒತ್ತಿದರೆ ಪೆಟ್ರೋಲ್ ಹೆಚ್ಚುತ್ತದೆ, ಎಳೆದರೆ ಕಡಿಮೆಯಾಗುತ್ತದೆ. ಆ ತೂತಿಗೆ ಸಣ್ಣ ಹಿತ್ತಾಳೆ ನಳಿಕೆ ಬೆಸೆದು, ಪೈಪು ಹಾಕಿ, ಗಾಳಿ ಅಲುಗದ ವಿಮಾನದ ಒಡಲಿನೊಳಗೆ ಬಿಟ್ಟರೆ ಆಯಿತು.

ಕಿಡಿ, ಗಾಳಿ ಸೋರಿಕೆ

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಂದು ಇದ್ದರೆ ಒಳ್ಳೆಯದು. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಬಿಳಿಚಿದ್ದರೆ ಪೆಟ್ರೋಲ್ ಸಾಲದು. ಪ್ಲಗ್ಗನ್ನು ಕ್ಯಾಪಿನಲ್ಲೇ ಇಟ್ಟು, ಅದರ ಲೋಹ ಎಂಜಿನ್ನಿಗೆ ತಾಗುವಂತೆ ಮತ್ತು ಪ್ಲಗ್ ತೂತಿನಿಂದ ದೂರ ಹಿಡಿದು, ಪ್ರೊಪೆಲ್ಲರ್ ತಿರುಗಿಸಿದರೆ ನೀಲಿ ಕಿಡಿ ಕಾಣಬೇಕು. ಕಿಡಿ ಸಣ್ಣದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಕ್ಯಾಪಿನೊಳಗೆ ತುಕ್ಕು ಹಿಡಿದ ಸ್ಪ್ರಿಂಗ್ ನೋಡಿ. ಕ್ಯಾಪನ್ನು ಪ್ಲಗ್ಗಿಗೆ ಹಾಕದೆ ಇಗ್ನಿಷನ್ ಆನ್ ಮಾಡಿ ಪ್ರೊಪೆಲ್ಲರ್ ತಿರುಗಿಸಬೇಡಿ, ಇಗ್ನಿಷನ್ ಪೆಟ್ಟಿಗೆಯೇ ಸುಡಬಹುದು.

ರೇಸ್ ಇಳಿಸಿದರೂ ಎಂಜಿನ್ ಕೂಡಲೇ ಇಳಿಯದೆ ಕಿರುಚುತ್ತಿದ್ದರೆ ಕಾರ್ಬೊರೇಟರ್ ಕೂತಿರುವ ಬೋಲ್ಟು, ಗ್ಯಾಸ್ಕೆಟ್ ಪರೀಕ್ಷಿಸಿ. ಕಾರ್ಬೊರೇಟರಿನ ಬಾಯಿಯಿಂದ ಪೆಟ್ರೋಲ್ ಹಿಂದಕ್ಕೆ ಸಿಡಿಯುತ್ತಿದ್ದರೆ ಅದನ್ನು ಒಳಗೇ ತಡೆಯುವ ರೀಡ್ ವಾಲ್ವಿನ ಎಸಳು ಬಾಗಿರಬಹುದು.

ಈಗ ಸೂಜಿ

ಬರೆದಿಟ್ಟ ಸುತ್ತಿನಿಂದಲೇ ಶುರುಮಾಡಿ. ಲೆಕ್ಕ ತಪ್ಪಿದ್ದರೆ ಎರಡೂ ಸೂಜಿ ಒಂದೂವರೆ ಸುತ್ತು ತೆರೆದಿರಲಿ. ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಮೊದಲು ಕಡಿಮೆ ವೇಗದ ಎಲ್ ಸೂಜಿ. ರೇಸ್ ಕೊಟ್ಟ ಕೂಡಲೇ ಉಸಿರುಗಟ್ಟಿ ನಿಂತರೆ ಸ್ವಲ್ಪ ತೆರೆಯಿರಿ. ಹೊಗೆ ಕಾರುತ್ತ ಗುಡುಗುಡು ಎಂದು ನಿಧಾನ ಏರಿದರೆ ಮುಚ್ಚಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಸಾಕು. ಆಮೇಲೆ ಪೂರ್ತಿ ರೇಸಿನಲ್ಲಿ ಹೆಚ್ಚು ವೇಗದ ಎಚ್ ಸೂಜಿಯನ್ನು ಅತಿ ಹೆಚ್ಚು ವೇಗ ಸಿಗುವವರೆಗೆ ಮುಚ್ಚಿ, ಟ್ಯಾಕೊಮೀಟರಿನಲ್ಲಿ ಸುಮಾರು 200 ಆರ್‌ಪಿಎಂ ಇಳಿಯುವಷ್ಟು ಮತ್ತೆ ತೆರೆಯಿರಿ. ಇಬ್ಬರು ಸೇರಿ ಮೂತಿ ಮೇಲೆತ್ತಿ ಹಿಡಿಯಿರಿ. ಸದ್ದು ಕುಗ್ಗಿದರೆ ಎಚ್ ಇನ್ನೂ ಸ್ವಲ್ಪ ತೆರೆಯಬೇಕು. ಒಂದನ್ನು ಮುಟ್ಟಿದರೆ ಇನ್ನೊಂದೂ ಬದಲಾಗುವುದರಿಂದ ಎಲ್ ಅನ್ನು ಮತ್ತೊಮ್ಮೆ ನೋಡಿ.

ಹಾರಿಸುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾಗಿದೆ. ಶಿವಮೊಗ್ಗದ ಸುತ್ತ ಹಾರಿಸುವವರು ಡ್ರೋನ್ ನಿಯಮದ ವಾಯುಪ್ರದೇಶ ನಕ್ಷೆ ನೋಡಿಕೊಂಡೇ ಗದ್ದೆಗೋ ಬ್ಯಾಣಕ್ಕೋ ಹೋಗಬೇಕು. ಇಲ್ಲಿ ಹೊಂದಿಸಿದ ವಿಮಾನವನ್ನು ಘಾಟಿ ಇಳಿಸಿ ಕುಂದಾಪುರದ ಕಡೆ ಒಯ್ದರೆ ಅಲ್ಲಿನ ಗಾಳಿ ಹೆಚ್ಚು ದಟ್ಟ, ಅದೇ ಸೂಜಿಗೆ ಪೆಟ್ರೋಲ್ ಸಾಲದಾಗುತ್ತದೆ. ಇಳಿದ ಕೂಡಲೇ ಎಚ್ ಸೂಜಿಯನ್ನು ಎಂಟನೇ ಒಂದು ಸುತ್ತು ತೆರೆದು, ಮೂತಿ ಎತ್ತುವ ಪರೀಕ್ಷೆಯನ್ನು ಮತ್ತೆ ಮಾಡಿ.