ಲಿಸಿಸ್ಟ್ರಾಟಾ: ಬೀಗ ಮೊದಲು, ಹಾಸಿಗೆ ಆಮೇಲೆ

ಅರಿಸ್ಟೋಫನೀಸನ ಲಿಸಿಸ್ಟ್ರಾಟಾವನ್ನು ಅಥೆನ್ಸಿನಲ್ಲೇ ಇಟ್ಟು ಕನ್ನಡದಲ್ಲಿ ಆಡಬಹುದು. ಅಥೆನ್ಸ್-ಸ್ಪಾರ್ಟಾ ಯುದ್ಧ ನಿಲ್ಲುವ ತನಕ ಗಂಡಂದಿರ ಹಾಸಿಗೆಗೆ ಹೋಗಲ್ಲ ಅಂತ ಲಿಸಿಸ್ಟ್ರಾಟಾ ಅನ್ನುವವಳ ಮುಂದಾಳತ್ವದಲ್ಲಿ ಹೆಂಗಸರು ಮುಷ್ಕರ ಹೂಡುವ ಹಳೇ ಗ್ರೀಕ್ ಹಾಸ್ಯನಾಟಕ ಅದು. ನಮ್ಮ ತಂಡ ಆಡಿ ತೋರಿಸಿದೆ. ಊರು, ಹೆಸರು ಬದಲಾಯಿಸದಿದ್ದರೆ ನಾಟಕ ಓಡಲ್ಲ ಅಂದಿದ್ದ ಗೆಳೆಯರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ವಾದ ನಿಮಗೂ ಗೊತ್ತಿರುವುದೇ. ಬಿ.ಎಂ.ಶ್ರೀ. ಅವರು ಸೊಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಲಿಲ್ಲವೇ, ನೀನೂ ಹಾಗೇ ಮಾಡು ಅಂತ. ದುರಂತ ನಾಟಕಕ್ಕೆ ಆ ದಾರಿ ಸರಿ. ಅವಮಾನ ತಡೆಯಲಾರದ ವೀರನಿಗೆ ಮಹಾಭಾರತದಲ್ಲೂ ಜಾಗ ಇದೆ. ಹಾಸ್ಯದ ಕತೆ ಬೇರೆ. ಅರಿಸ್ಟೋಫನೀಸ್ ಬರೆದದ್ದು ತನ್ನ ಊರಿನ ದುಡ್ಡು, ಆ ವರ್ಷದ ಯುದ್ಧ, ನಿನ್ನೆ ಸಭೆಯಲ್ಲಿ ನಡೆದ ಜಗಳದ ಬಗ್ಗೆ. ಊರಿಂದ ಕಿತ್ತರೆ ಅದಕ್ಕೆ ಜೀವ ಇರಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಮೊದಲು ಆಡಿದ್ದು ಬದಲಾಯಿಸಿದ ರೂಪವನ್ನೇ. ಇಬ್ಬರು ಪಾಳೆಯಗಾರರ ನಡುವೆ ಯುದ್ಧ, ಹೆಂಗಸರು ಗುಡಿ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಗಂಡಂದಿರ ಪರದಾಟಕ್ಕೆ ಜನ ಅರ್ಧ ಗಂಟೆ ನಕ್ಕರು. ಆಮೇಲೆ ಮೊಬೈಲ್ ತೆಗೆದರು. ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ಬಂದು, 'ಸಿಪಾಯಿ ದಂಡಿನಲ್ಲಿದ್ದಾನೆ, ಮನೆಗೇ ಬರಲ್ಲ, ಹೆಂಡತಿ ಹಾಸಿಗೆಗೆ ಬರದಿದ್ದರೆ ಯುದ್ಧ ಯಾಕಪ್ಪಾ ನಿಲ್ಲಬೇಕು' ಅಂದರು. ಆ ಪ್ರದರ್ಶನಗಳಲ್ಲಿ ಕೈಬಿಟ್ಟು ಹೋದದ್ದು ನಲವತ್ತು ಸಾವಿರದ ಹತ್ತಿರ.

ಆ ಹಿರಿಯರ ಪ್ರಶ್ನೆಗೆ ಉತ್ತರ ಮೂಲದಲ್ಲೇ ಇದೆ. ಶುರುವಿನಲ್ಲೇ ಹೆಂಗಸರು ಹೇಳಿಕೊಳ್ಳುತ್ತಾರೆ: ಒಬ್ಬಳ ಗಂಡ ಐದು ತಿಂಗಳಿಂದ ಥ್ರೇಸಿನಲ್ಲಿ, ಇನ್ನೊಬ್ಬಳವನು ಏಳು ತಿಂಗಳಿಂದ ಪಿಲೋಸಿನಲ್ಲಿ. ಮುಷ್ಕರ ಒಂದೇ ಸಾಲದು ಅಂತ ಲಿಸಿಸ್ಟ್ರಾಟಾಗೂ ಗೊತ್ತು. ಅದಕ್ಕೇ ಅವಳು ವಯಸ್ಸಾದ ಹೆಂಗಸರನ್ನು ಊರ ನಡುವಿನ ಗುಡ್ಡದ ಕೋಟೆ ಆಕ್ರೊಪೊಲಿಸ್‌ಗೆ ಕಳಿಸುತ್ತಾಳೆ. ಅಲ್ಲಿರುವುದು ಖಜಾನೆ. ದುಡ್ಡಿಗೆ ಬೀಗ ಬಿದ್ದರೆ ಹಡಗು ಹೊರಡಲ್ಲ. ನಮ್ಮ ಗುಡಿಯಲ್ಲಿ ದೇವರಿತ್ತು, ಖಜಾನೆ ಇರಲಿಲ್ಲ.

ಈ ನಾಟಕ ಕ್ರಿ.ಪೂ. 411ರದ್ದು. ಎರಡು ವರ್ಷ ಮುಂಚೆ ಸಿಸಿಲಿಯಲ್ಲಿ ಅಥೆನ್ಸಿನ ಸೈನ್ಯ, ನೌಕಾಪಡೆ ಎರಡೂ ನಾಶವಾಗಿದ್ದವು. ಯುದ್ಧ ಶುರುವಾದ 431ರಲ್ಲಿ ಅವರು ಆಕ್ರೊಪೊಲಿಸ್‌ನಲ್ಲಿ 1000 ಟ್ಯಾಲೆಂಟ್ (ಆಗಿನ ದೊಡ್ಡ ಮೊತ್ತದ ಹಣದ ಅಳತೆ) ಆಪದ್ಧನ ತೆಗೆದಿಟ್ಟಿದ್ದರು. ಶತ್ರುವಿನ ಹಡಗುಗಳು ಊರಿನ ಮೇಲೇ ಬಂದರೆ ಮಾತ್ರ ಅದನ್ನು ಮುಟ್ಟಬೇಕು, ಬೇರೆ ಖರ್ಚಿಗೆ ಅಂತ ಸಭೆಯಲ್ಲಿ ಎತ್ತಿದವನಿಗೆ ಮರಣದಂಡನೆ. 412ರಲ್ಲಿ ಅಥೆನ್ಸಿನ ಜೊತೆಗಿದ್ದ ಕಿಯೋಸ್ ದ್ವೀಪ ತಿರುಗಿಬಿದ್ದಾಗ ಆ ದುಡ್ಡಿಗೂ ಕೈ ಹಾಕಿದರು. ಅಂದರೆ ನಾಟಕ ನೋಡುತ್ತಾ ಕೂತವರಿಗೆ ಖಜಾನೆ ತಳ ಕಾಣುತ್ತಿರುವುದು ಗೊತ್ತಿತ್ತು.

ತಾಲೀಮಿನಲ್ಲಿ ಹುಡುಗರಿಗೆ ನಾನು ಲೆಕ್ಕ ಹಾಕಿಸಿದೆ. ಒಂದು ಹಡಗಿಗೆ ಸುಮಾರು 200 ಜನ. ತಲೆಗೆ ದಿನಕ್ಕೊಂದು ಡ್ರಾಕ್ಮಾ ಕೊಟ್ಟರೆ ತಿಂಗಳಿಗೆ 6000 ಡ್ರಾಕ್ಮಾ, ಅಂದರೆ ಒಂದು ಟ್ಯಾಲೆಂಟ್. ಹಡಗೊಂದಕ್ಕೆ ತಿಂಗಳಿಗೊಂದು ಟ್ಯಾಲೆಂಟ್! ಈ ಲೆಕ್ಕ ತಲೆಗೆ ಹೋದ ದಿನದಿಂದ ಅಧಿಕಾರಿಯ ಪಾತ್ರಧಾರಿ ಮಾತಾಡುವ ರೀತಿಯೇ ಬದಲಾಯಿತು. ಹಡಗಿನ ಹುಟ್ಟುಗಳಿಗೆ ಮರ ಕೊಳ್ಳಲು ಖಜಾನೆಯಿಂದ ದುಡ್ಡು ಒಯ್ಯಲು ಬಂದ ಆ ಮುದುಕನನ್ನು ಎಲ್ಲರೂ ಬಫೂನನ ಹಾಗೆ ಆಡಿಸುತ್ತಾರೆ. ಅವನು ಸಿಸಿಲಿಯ ಸೋಲಿನ ನಂತರ ಆರಿಸಿದ ಹತ್ತು ಜನ ಹಿರಿಯರ ಮಂಡಳಿಯವನು. ಅವನ ಗಾಬರಿ ನಿಜವಾದದ್ದು.

ಹಾಗಾಗಿ ರಂಗದ ನಡುವೆ ಒಂದೇ ವಸ್ತು: ಬಾಗಿಲು. ಹಳೇ ಮನೆ ಕೆಡವಿದವರಿಂದ ಎರಡು ಕದದ ಬಾಗಿಲನ್ನು ಎಂಟು ಸಾವಿರಕ್ಕೆ ತಂದೆವು. ಕಬ್ಬಿಣದ ಅಗುಳಿ ಬೇರೆ ಹಾಕಿಸಿದೆ. ಅದು ಬೀಳುವ ಸದ್ದು ಕೊನೇ ಸಾಲಿಗೂ ಕೇಳಬೇಕು. ಆ ಸದ್ದು ದೊಡ್ಡದಾಗಿ ಬರುವುದಕ್ಕೆ ಬಾಗಿಲ ಹಿಂದೆ ಏನಿಟ್ಟಿದ್ದೇವೆ ಅನ್ನುವುದು ಸದ್ಯಕ್ಕೆ ತಂಡದೊಳಗೇ ಇರಲಿ.

ಉಳಿದ ಖರ್ಚೆಲ್ಲ ಮೇಳಕ್ಕೆ. ಮೂಲದಲ್ಲಿ 24 ಜನ, ಅರ್ಧ ಮುದುಕರು, ಅರ್ಧ ಮುದುಕಿಯರು. ಅಷ್ಟು ಜನರ ಬಸ್ಸು, ಊಟ ಯಾರು ಕೊಡ್ತಾರೆ? ಹತ್ತು ಹನ್ನೆರಡಕ್ಕೆ ಇಳಿಸಿದೆವು. ಅದಕ್ಕಿಂತ ಕಡಿಮೆ ಮಾಡಬೇಡಿ, ಜಗಳ ಜಗಳದ ಹಾಗೆ ಕಾಣಲ್ಲ. ಮುದುಕರು ಬಾಗಿಲು ಸುಡಲು ಸೌದೆ, ಕೆಂಡ ತರುತ್ತಾರೆ. ಮುದುಕಿಯರು ಕೊಡ ತಂದು ಅವರ ಮೇಲೆ ನೀರು ಸುರಿಯುತ್ತಾರೆ. ಒಂದು ಸಭಾಂಗಣದವರು ನೆಲ ಹಾಳಾಯಿತು ಅಂತ ಐದು ಸಾವಿರ ಮುರಿದುಕೊಂಡರು. ಅಲ್ಲಿಂದಾಚೆ ಬಯಲಲ್ಲೇ ಆಡುತ್ತಿದ್ದೇವೆ. ಬಯಲಲ್ಲಿ ಎಷ್ಟು ಬೇಕಾದರೂ ಸುರಿಯಬಹುದು, ಮುಂದಿನ ಸಾಲಿನ ಮಕ್ಕಳಿಗಂತೂ ಹಬ್ಬ.

ನಡುವೆ ಒಂದು ಪ್ರಯೋಗ ಮಾಡಿದೆವು. ಅಥೆನ್ಸಿನಲ್ಲಿ ಆಡುತ್ತಿದ್ದವರೆಲ್ಲ ಗಂಡಸರೇ. ನಮ್ಮ ಕಂಪನಿ ನಾಟಕಗಳಲ್ಲೂ ಸ್ತ್ರೀಪಾತ್ರಕ್ಕೆ ಗಂಡಸರಿದ್ದರಲ್ವಾ, ಹಾಗೇ ನೋಡೋಣ ಅಂತ. ನೀರೆರಚಾಟ ಭರ್ಜರಿಯಾಗಿ ಬಂತು. ಆದರೆ ಲಿಸಿಸ್ಟ್ರಾಟಾ ರಾಜ್ಯವನ್ನು ಉಣ್ಣೆಗೆ ಹೋಲಿಸುವ ಮಾತು ಬಂದಾಗ ಜನ ನಗಬಾರದ ಕಡೆ ನಕ್ಕರು. ಈಗ ಮುದುಕಿಯರ ಮೇಳದಲ್ಲಿ ಮಾತ್ರ ಗಂಡಸರಿದ್ದಾರೆ. ಉಳಿದ ಪಾತ್ರಗಳೆಲ್ಲ ಹೆಣ್ಣುಮಕ್ಕಳವೇ.

ಆ ಉಣ್ಣೆಯ ಮಾತೇ ನಾಟಕದ ರಾಜಕೀಯ. ನಿನಗೇನು ಗೊತ್ತು ರಾಜ್ಯ ನಡೆಸೋದು ಅಂತ ಅಧಿಕಾರಿ ಕೇಳುತ್ತಾನೆ. ಉಣ್ಣೆ ಹದ ಮಾಡಿದ ಹಾಗೇ ಅಂತ ಲಿಸಿಸ್ಟ್ರಾಟಾ ಹೇಳುತ್ತಾಳೆ: ಮೊದಲು ಕೊಳೆ ತೊಳೀಬೇಕು, ಮುಳ್ಳು ಆರಿಸಬೇಕು, ಅಧಿಕಾರಕ್ಕಾಗಿ ಗಂಟುಕಟ್ಟಿಕೊಂಡವರನ್ನು ಬಿಡಿಸಬೇಕು, ಊರಿಗೆ ಬಂದು ನೆಲೆಸಿದ ಪರದೇಶಿಗಳನ್ನೂ ಸೇರಿಸಿ ಒಂದೇ ಬುಟ್ಟಿಗೆ ಹಾಕಬೇಕು, ಆಮೇಲೆ ಜನರಿಗೆ ಹೊದಿಕೆ ನೇಯಬೇಕು. ಮೊದಮೊದಲು ಇದು ಭಾಷಣದ ಹಾಗಿತ್ತು. ಕಂಬಳಿ ನೇಯುವವರ ಹತ್ತಿರ ಹೋಗಿ ಕತ್ತರಿಸಿದ ಹಸಿ ಉಣ್ಣೆ ತಂದು ನಟಿಯ ಮಡಿಲಿಗೆ ಹಾಕಿದೆ. ಈಗ ಅವಳು ಕಣ್ಣೆತ್ತದೆ ಮುಳ್ಳು ಆರಿಸುತ್ತಾ ಮಾತಾಡುತ್ತಾಳೆ. ಒಂದೊಂದು ಮುಳ್ಳನ್ನೂ ಅಧಿಕಾರಿಯ ಅಂಗೈಯಲ್ಲಿ ಇಡುತ್ತಾಳೆ. ಅವನು ಎಸೆಯಲಾರ, ಇಟ್ಟುಕೊಳ್ಳಲಾರ. ಇದು ನನ್ನದೇ ಐಡಿಯಾ, ಹೆಮ್ಮೆಯಿಂದ ಹೇಳುತ್ತೇನೆ.

ಅಶ್ಲೀಲದ ಪ್ರಶ್ನೆಗೆ ಬರೋಣ. ಆಗಿನ ನಟರು ಚರ್ಮದ ಶಿಶ್ನ ಕಟ್ಟಿಕೊಂಡು ಬರುತ್ತಿದ್ದರು. ಮನೆಮಂದಿಯೆಲ್ಲ ಕೂತು ನೋಡುವಾಗ ಇದು ಆಗದ ಮಾತು ಅಂತ ಎಲ್ಲರೂ ಹೆದರಿಸಿದ್ದರು. ದಾರಿ ಪಠ್ಯದಲ್ಲೇ ಸಿಕ್ಕಿತು. ಸ್ಪಾರ್ಟಾದ ದೂತ ಬಂದಾಗ, ಬಟ್ಟೆಯೊಳಗೆ ಈಟಿ ಬಚ್ಚಿಟ್ಟಿದ್ದೀಯಾ ಅಂತ ಕೇಳುತ್ತಾರೆ. ಅವನು ಅದು ಸಂದೇಶ ಸುತ್ತುವ ಕೋಲು ಅನ್ನುತ್ತಾನೆ. ಒಂದು ಮೇಲುಹೊದಿಕೆ, ಒಂದು ಕೋಲು. ಇನ್ನೇನೂ ಬೇಡ. ಎಲ್ಲರಿಗಿಂತ ಜಾಸ್ತಿ ನಗುವುದು ಅಜ್ಜಿಯರೇ.

ಕಿನೇಸಿಯಾಸ್ ಮತ್ತು ಮಿರ್ರಿನೆಯ ದೃಶ್ಯವನ್ನು ಮಾತ್ರ ಓಡಿಸಬೇಡಿ. ಗಂಡ ಮಗುವನ್ನು ಎತ್ತಿಸಿಕೊಂಡು ಬಂದು ಬಾಗಿಲ ಮುಂದೆ ನಿಲ್ಲುತ್ತಾನೆ. ನೀನಿಲ್ಲದ ಮನೆ ಬಿಕೋ ಅನ್ನುತ್ತೆ, ಊಟ ರುಚಿಸಲ್ಲ ಅನ್ನುತ್ತಾನೆ. ಇದು ಸೂಳೆಗೇರಿಯ ಆಸೆ ಅಲ್ಲ, ಮನೆ ಹೆಂಡತಿಯ ಮೇಲಿನ ಪ್ರೀತಿ. ಅದನ್ನು ನಟ ಪೂರ್ತಿ ನಂಬಿ ಹೇಳಬೇಕು. ಅವಳು ಮಂಚ ತರುತ್ತಾಳೆ. ಆಮೇಲೆ ಚಾಪೆ, ದಿಂಬು, ಹೊದಿಕೆ. ಆಮೇಲೆ ಸುಗಂಧದೆಣ್ಣೆ, ಅದು ಸರಿಯಿಲ್ಲ ಅಂತ ಇನ್ನೊಂದು. ಪ್ರತಿ ಸಲವೂ ಅವನೊಬ್ಬನೇ ಮಂಚದ ಮೇಲೆ ಕಾಯುತ್ತಾನೆ. ಎಷ್ಟು ಹೊತ್ತು ಕಾಯಿಸಬೇಕು ಅನ್ನುವುದಕ್ಕೆ ನಮ್ಮಲ್ಲೊಂದು ಲೆಕ್ಕ ಇದೆ, ಅದನ್ನು ಬರೆಯಲ್ಲ. ಕೊನೆಗೆ ಅವಳು, ಶಾಂತಿಗೆ ಮತ ಹಾಕ್ತೀಯ ತಾನೇ ಅಂತಾಳೆ. ಯೋಚನೆ ಮಾಡ್ತೀನಿ ಅಂತಾನೆ. ತಕ್ಷಣ ಅವಳು ಒಳಗೆ, ಅಗುಳಿಯ ಸದ್ದು. ಜನ ನಗುವುದು ಅವನ 'ಯೋಚನೆ'ಗೆ, ಮಂಚಕ್ಕಲ್ಲ.

ಸ್ಪಾರ್ಟಾದವರ ಮಾತು ಮೂಲದಲ್ಲಿ ಬೇರೆ ಉಪಭಾಷೆ. ನಾವು ನಮ್ಮದೇ ಒಂದು ಸೀಮೆಯ ಕನ್ನಡ ಕೊಟ್ಟು ನೋಡಿದೆವು. ಜನ ಆ ಸೀಮೆಯವರನ್ನು ಕಂಡು ನಕ್ಕ ಹಾಗಾಯಿತು, ತೆಗೆದುಹಾಕಿದೆವು. ಈಗ ಅವರಿಗೆ ಮೂರು ನಾಲ್ಕು ಪದದ ತುಂಡು ಮಾತುಗಳು. ಅರಿಸ್ಟೋಫನೀಸ್ ಶತ್ರುವನ್ನು ಕೀಳು ಮಾಡಿಲ್ಲ. ರಾಜಿಯಾದ ಮೇಲೆ ಸ್ಪಾರ್ಟಾದವನ ಬಾಯಲ್ಲೇ ಹಾಡು ಹಾಡಿಸುತ್ತಾನೆ. ಹಿಂದೆ ಪರ್ಷಿಯನ್ನರು ಬಂದಾಗ ಅಥೆನ್ಸಿನವರು ಆರ್ಟೆಮಿಸಿಯಮ್‌ನ ಸಮುದ್ರದಲ್ಲಿ, ಸ್ಪಾರ್ಟಾದವರು ತಮ್ಮ ರಾಜ ಲಿಯೋನಿದಾಸನ ಜೊತೆ ಕಾದಾಡಿದ್ದನ್ನು ಅವನು ನೆನೆಯುತ್ತಾನೆ. ಯುದ್ಧ ಆಗ ಇಪ್ಪತ್ತು ವರ್ಷದಷ್ಟು ಹಳೆಯದು, ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಲ್ಲಿ ಶತ್ರುವಿಗೆ ಹಾಡು ಕೊಡುವುದು ಸಣ್ಣ ಧೈರ್ಯ ಅಲ್ಲ.

ಆ ಹಾಡಿಗೆ ಒಬ್ಬ ಗಾಯಕ, ಒಬ್ಬ ಕೊಳಲಿನವರನ್ನು ಹೊರಗಿಂದ ಕರೆಸುತ್ತೇವೆ. ಪ್ರದರ್ಶನಕ್ಕೆ ಮೂರು ಸಾವಿರದ ಮೇಲೆ ಬೀಳುತ್ತೆ. ಲೆಕ್ಕ ನೋಡಿಕೊಳ್ಳುವ ಗೆಳೆಯ ಅದನ್ನು ತೆಗೆಯೋಣ ಅಂತ ಪ್ರತಿ ಸಲ ಕೇಳುತ್ತಾನೆ. ಬೇಕಿದ್ದರೆ ಲೈಟು ಕಡಿಮೆ ಮಾಡು, ಹಾಡು ಮುಟ್ಟಬೇಡ ಅಂದಿದ್ದೇನೆ.